ಚಂದ್ರಮೌಳಿಯ ಮಹಡಿಗೆ ಬಂದ ಸಿಹಿ

ಹೋದ ತಿಂಗಳು ಶಿವಮೊಗ್ಗದ ಒಂದು ಕಲ್ಯಾಣ ಮಂಟಪದಲ್ಲಿ ಊಟಕ್ಕೆ ಕೂತಿದ್ದೆ. ಪಕ್ಕದಲ್ಲಿ ನನ್ನ ಸೋದರಮಾವ, ಭದ್ರಾವತಿಯ ಲಿಂಗಪ್ಪ ಮಾವ. ಬಡಿಸುವವನು ಕಾಶಿಹಲ್ವದ ಬಕೆಟ್ಟು ಹಿಡಿದು ಸಾಲಿನ ಆ ತುದಿಯಿಂದ ಬರುತ್ತಿದ್ದ. ಅವನಿಗಿಂತ ಮೊದಲು ವಾಸನೆ ಬಂತು. ತುಪ್ಪ, ಏಲಕ್ಕಿ, ಅದರ ಹಿಂದೆ ಪಚ್ಚಕರ್ಪೂರದ ಒಂದು ಎಳೆ. ಮಾವ ಎಲೆಯ ಮೇಲೆ ಎರಡೂ ಕೈ ಅಡ್ಡ ಹಿಡಿದರು.

"ಸ್ವಲ್ಪ ಹಾಕಿಸ್ಕೊಳ್ಳಿ ಯಜಮಾನ್ರೇ. ಶುಗರ್ರಾ?"

"ಇಲ್ಲಪ್ಪ, ಅಂಥದ್ದೇನಿಲ್ಲ" ಎಂದರು ಮಾವ. ಕೈ ಮಾತ್ರ ತೆಗೆಯಲಿಲ್ಲ. ಬಕೆಟ್ಟು ಮುಂದಿನ ಎಲೆಗೆ ಹೋದ ಮೇಲೂ ಒಂದಿಷ್ಟು ಹೊತ್ತು ಹಾಗೇ ಹಿಡಿದುಕೊಂಡಿದ್ದರು.

ಊಟ ಮುಗಿಸಿ ಇಬ್ಬರೂ ಬಸ್ ಸ್ಟ್ಯಾಂಡಿನ ಕಡೆ ನಡೆದೆವು. ಮುಖ್ಯರಸ್ತೆಗೆ ತಿರುಗಿದ ಕೂಡಲೇ ಆ ಗಾಜಿನ ಕಟ್ಟಡ ಸಿಗುತ್ತದೆ. ಕೆಳಗೆ ಬಟ್ಟೆ ಅಂಗಡಿ, ಮೇಲೆ ಮೊಬೈಲ್ ಅಂಗಡಿ, ಅದರ ಮೇಲೆ ಇನ್ನೂ ಬಾಡಿಗೆಗೆ ಹೋಗದ ಮಹಡಿಗಳು. ಮಾವ ಅದರ ಕಡೆ ನೋಡಲಿಲ್ಲ. ಆದರೆ ಅದರ ಎದುರಿಗೆ ಬಂದಾಗ ಹೆಜ್ಜೆ ನಿಧಾನವಾಯಿತು. ಅಲ್ಲಿ ಹೋಟೆಲ್ ಚಂದ್ರಮೌಳಿ ಇತ್ತು. ಇತ್ತು ಎಂಬುದನ್ನು ಬಿಟ್ಟರೆ ಅದರ ಬಗ್ಗೆ ನಾನು ಖಚಿತವಾಗಿ ಹೇಳಬಲ್ಲದ್ದು ಕಡಿಮೆ.

ನಾನು ವಿಶ್ವವಿದ್ಯಾಲಯದಲ್ಲಿ ಚರಿತ್ರೆ ಓದಿದವನು. ಆಧಾರವಿಲ್ಲದೆ ಯಾವುದನ್ನೂ ನಂಬಬಾರದು ಎಂದು ಅಲ್ಲಿ ಕಲಿಸಿದರು. ಉಳಿದದ್ದೆಲ್ಲ ಮರೆತುಹೋಗಿ ಅದೊಂದು ಮಾತ್ರ ಉಳಿದುಕೊಂಡಿದೆ, ಅದೂ ಕಾಯಿಲೆಯ ಹಾಗೆ. ಲಾಕ್‌ಡೌನಿನ ಕಾಲ ಕಳೆದ ಮೇಲಿನ ಬೇಸಿಗೆಯಲ್ಲಿ, ಒಂದು ಕಾಲೇಜಿನ ಕೆಲಸ ಬಿಟ್ಟು ಇನ್ನೊಂದು ಹುಡುಕುತ್ತ ಶಿವಮೊಗ್ಗದಲ್ಲಿ ಕಾಲಹರಣ ಮಾಡುತ್ತಿದ್ದೆ. ಚಂದ್ರಮೌಳಿ ಮಾರಾಟವಾಗುತ್ತದೆ, ಮಳೆಗಾಲಕ್ಕೆ ಮೊದಲೇ ಕೆಡವುತ್ತಾರೆ ಎಂಬ ಸುದ್ದಿ ಹಬ್ಬಿತ್ತು. ಊರಿನ ಪತ್ರಿಕೆಯೊಂದು ಭಾನುವಾರದ ಪುಟಕ್ಕೆ ಹೋಟೆಲಿನ ಇತಿಹಾಸ ಬರೆದುಕೊಡಿ ಎಂದಿತು. ಮಾಡಲು ಬೇರೆ ಕೆಲಸವಿರಲಿಲ್ಲ. ಒಪ್ಪಿಕೊಂಡೆ.

ಮೊದಲು ಮೆಟ್ಟಿಲಿನಿಂದ ಶುರುಮಾಡಿದೆ. ಒಳಗೆ ಕಾಲಿಟ್ಟವರೆಲ್ಲ ಮೊದಲು ನೋಡುತ್ತಿದ್ದದ್ದು ಅದನ್ನೇ. ನಾಲ್ಕು ಜನ ಸಾಲಾಗಿ ಹತ್ತಬಹುದಾದ ಅಗಲದ ತೇಗದ ಮೆಟ್ಟಿಲು, ಕೈಹಿಡಿಗೆ ತಲೆಮಾರುಗಳ ಅಂಗೈಗಳು ಕೊಟ್ಟ ಹೊಳಪು. ಅದು ಯಾವುದೋ ಬ್ರಿಟಿಷ್ ಅಧಿಕಾರಿಯ ಬಂಗಲೆಯಿಂದ ಬಂದದ್ದು ಎಂದು ಒಬ್ಬರು ಹೇಳಿದರು. ಭದ್ರಾವತಿಯ ಮರದ ಮಿಲ್ಲಿನಲ್ಲೇ ಕೊಯ್ಸಿದ್ದು ಎಂದು ಇನ್ನೊಬ್ಬರು. ಮುಳುಗಿದ ಹಡಗಿನದ್ದು ಎಂದು ಮೂರನೆಯವರು, ಸಮುದ್ರವಿಲ್ಲದ ಊರಿನಲ್ಲಿ ಕೂತು, ಪ್ರಮಾಣ ಮಾಡಿ ಹೇಳಿದರು. ಕಟ್ಟಿಸಿದವರು ಅಡಿಕೆ ವ್ಯಾಪಾರದ ಸಾಹುಕಾರರು ಎಂಬುದರಲ್ಲಿ ಎಲ್ಲರೂ ಒಮ್ಮತ. ಯಾಕೆ ಕಟ್ಟಿಸಿದರು ಎಂದರೆ ಮತ್ತೆ ಜಗಳ. ನನಗೆ ಹಿಡಿಸಿದ ಕಥೆಯೊಂದಿತ್ತು. ಸಾಹುಕಾರರ ಮಗಳನ್ನು ನೋಡಲು ಮನೆಗೆ ಬಂದ ಗಂಡಿನ ಕಡೆಯವರು ಒಪ್ಪದೆ ಎದ್ದುಹೋದರಂತೆ. ಬೀದಿಯವರೆಲ್ಲ ಜಗಲಿಗೆ ಬಂದು ನಿಂತು ನೋಡಿದರಂತೆ. ಆ ಸಂಕಟ ಇನ್ನೊಬ್ಬರ ಮನೆಗೆ ಬರಬಾರದೆಂದು ಮಹಡಿಯ ಮೇಲೆ ಹಸಿರು ಪರದೆಯ ಕೋಣೆಗಳನ್ನು ಮಾಡಿಸಿದರಂತೆ. ಹಿಡಿಸಿತು ಎಂಬ ಕಾರಣಕ್ಕೇ ಅದರ ಮೇಲೆ ನನಗೆ ಅನುಮಾನ.

ಆದರೆ ಕೋಣೆಗಳಂತೂ ಇದ್ದವು. ಶಿವಮೊಗ್ಗ ಭದ್ರಾವತಿ ಎರಡೂ ಊರಿನ ನಮ್ಮಂಥ ಮನೆಗಳವರು ಹೆಣ್ಣು ನೋಡುವ ಶಾಸ್ತ್ರಕ್ಕೆ ಅಲ್ಲಿಗೇ ಹೋಗುತ್ತಿದ್ದರು. ಕಾರ್ಖಾನೆ ಕ್ವಾರ್ಟರ್ಸಿನ ಎರಡು ಕೋಣೆಯ ಮನೆಗಳಲ್ಲಿ ಹತ್ತು ಜನರನ್ನು ಕೂರಿಸಲು ಜಾಗವಿರುತ್ತಿರಲಿಲ್ಲ. ಜೊತೆಗೆ, ಹೋಟೆಲಿನಲ್ಲಾದರೆ ಒಪ್ಪಿಗೆಯಾಗದಿದ್ದರೂ ಅಕ್ಕಪಕ್ಕದವರಿಗೆ ಗೊತ್ತಾಗುವುದಿಲ್ಲ.

ಅಲ್ಲೊಂದು ಪದ್ಧತಿ ಬೆಳೆದಿತ್ತು. ಯಾರೂ ಬಾಯಿಬಿಟ್ಟು ಹೌದು ಅನ್ನುವುದಿಲ್ಲ, ಇಲ್ಲ ಅನ್ನುವುದಿಲ್ಲ. ಮೊದಲು ಖಾರ ಬರುತ್ತದೆ, ಆಮೇಲೆ ಕಾಫಿ. ಹುಡುಗಿ ತಲೆ ತಗ್ಗಿಸಿ ಕೂತಿರುತ್ತಾಳೆ. ಕೊನೆಗೆ ಗಂಡಿನ ಕಡೆಯ ಹಿರಿಯರು ಪರದೆ ಸರಿಸಿ ಸಪ್ಲಯರನ್ನು ಕರೆದು, "ಸಿಹಿ ತಗೊಂಡು ಬಾರಪ್ಪ" ಎಂದರೆ ಒಪ್ಪಿದಂತೆ. ಕಾಶಿಹಲ್ವ ಬರುತ್ತದೆ, ಗಂಡಿನ ಕಡೆಯವರು ಮೊದಲ ಚಮಚ ಬಾಯಿಗಿಟ್ಟರೆ ಮಾತು ಮುಗಿಯಿತು. ಅದರ ಬದಲು, "ಇನ್ನೊಂದ್ಸಲ ಕಾಫಿ ಕುಡಿಯೋಣವಾ?" ಎಂದರೆ, ಎರಡನೇ ಕಾಫಿ ಕುಡಿದು, ಊರಿನ ಮಳೆಬೆಳೆ ಮಾತಾಡಿ, ಎಲ್ಲರೂ ಮರ್ಯಾದೆಯಿಂದ ಮೆಟ್ಟಿಲಿಳಿಯುವುದು. ಮತ್ತೆ ಸುದ್ದಿಯಿಲ್ಲ.

ಭದ್ರಾವತಿಯ ಗಿರಿಜಾ ಎಂಬ ಹುಡುಗಿಗೆ ಆ ಮಹಡಿಯಲ್ಲಿ ಎರಡು ಸಲ ಎರಡನೇ ಕಾಫಿ ಆಗಿತ್ತು. ಮೂರನೆಯ ಸಲ ನೋಡಲು ಬಂದವರು ನಮ್ಮ ಮನೆಯವರು. ಶಿವಮೊಗ್ಗದ ದುರ್ಗಿಗುಡಿಯ ನನ್ನ ಅಜ್ಜ, ಹಣೆ ತುಂಬ ವಿಭೂತಿ, ತಲೆಗೆ ರುಮಾಲು, ಯಾವುದಕ್ಕೂ ಬೇಗ ಒಪ್ಪುವ ಮನುಷ್ಯನಲ್ಲ. ಜೊತೆಗೆ ಗಂಡು, ಆಗಷ್ಟೇ ಭದ್ರಾವತಿಯ ಕಾರ್ಖಾನೆಗೆ ಸೇರಿದ್ದ ಲಿಂಗಪ್ಪ ಮಾವ, ನನ್ನ ಅಮ್ಮ, ಇನ್ನು ಕೆಲವರು. ಕಾಫಿ ಮುಗಿದಿತ್ತು. ಅಜ್ಜ ಇನ್ನೂ ಏನೂ ಹೇಳಿರಲಿಲ್ಲ. ಅಷ್ಟರಲ್ಲಿ ಪರದೆ ಸರಿಯಿತು. ಹಲ್ವದ ತಟ್ಟೆಗಳು ಬಂದು ಮೇಜಿನ ಮೇಲೆ ಕೂತವು.

ಪಕ್ಕದ ಕೋಣೆಯಲ್ಲಿ ಇನ್ನೊಂದು ಹೆಣ್ಣು ನೋಡುವ ಶಾಸ್ತ್ರ ನಡೆಯುತ್ತಿತ್ತು. ಸಿಹಿ ಹೇಳಿದ್ದು ಅವರು. ಕೆಲಸಕ್ಕೆ ಹೊಸಬನಾಗಿದ್ದ ಸಪ್ಲಯರ್ ಶೀನ ಪರದೆ ತಪ್ಪಿದ್ದ. ಹುಡುಗಿಯ ಮುಂದೆ ಬಂದು ಕೂತ ಸಿಹಿಯನ್ನು ವಾಪಸು ಕಳಿಸುವ ಗಂಡಸು ಈ ಎರಡೂ ಊರಿನಲ್ಲಿ ಹುಟ್ಟಿರಲಿಲ್ಲ. ಅಜ್ಜ ಗಂಟಲು ಸರಿಮಾಡಿಕೊಂಡು, ಚಮಚ ಎತ್ತಿ, ತಿಂದರು. ಮದುವೆಯಾಯಿತು.

ಇದು ನಮ್ಮ ಮನೆಯ ಕಥೆ. ಹಬ್ಬ ಹುಣ್ಣಿಮೆಗೆ ಎಲ್ಲರೂ ಸೇರಿದಾಗ ಯಾರಾದರೂ ಇದನ್ನು ಎತ್ತಲೇಬೇಕು. "ತಪ್ಪಿ ಬಂದ ಹಲ್ವ" ಎಂದೇ ಗಿರಿಜತ್ತೆಗೆ ಹೆಸರು. ಅವರೂ ನಗುತ್ತಿದ್ದರು. "ಹಲ್ವ ತಪ್ಪಿ ಬಂದಿದ್ದಲ್ಲ, ನಾನು ತಪ್ಪಿ ಈ ಮನೆಗೆ ಬಂದಿದ್ದು" ಎಂದು ತಿರುಗಿಸಿ ಕೊಡುತ್ತಿದ್ದರು.

ಆದರೆ ಅಮ್ಮ ಇದನ್ನು ಒಪ್ಪುತ್ತಿರಲಿಲ್ಲ. ಅಜ್ಜನೇ ಕರೆದು ಹೇಳಿದ್ದು, ಆಮೇಲೆ ನಗಿಸಲಿಕ್ಕೆ ಕಥೆ ಕಟ್ಟಿದರು ಎನ್ನುತ್ತಿದ್ದರು. ಹೋಟೆಲಿನಲ್ಲೇ ಮುದುಕನಾದ ಶೀನಣ್ಣನನ್ನು ಆ ಬೇಸಿಗೆಯಲ್ಲಿ ಕೇಳಿದೆ. ಕುಂದಾಪುರದ ಕಡೆಯ ಆಸಾಮಿ.

"ತಪ್ಪುದೆಂತ ಮಾರಾಯ್ರೇ? ಬೇಕಂತಲೇ ಇಟ್ಟದ್ದು. ಆ ಹೆಣ್ಣಿನ ಮುಖ ಕಂಡು ಪಾಪ ಅನ್ನಿಸ್ತು, ಇಟ್ಟುಬಿಟ್ಟೆ" ಎಂದ.

ನನಗೆ ಖುಷಿಯಾಯಿತು. ಅದೇ ವಾರ ಅವನು ಇನ್ನೊಂದು ದಂಪತಿಗೆ ಇದೇ ಮಾತನ್ನು, ಇದೇ ಮುಖಭಾವದಲ್ಲಿ ಹೇಳುವುದನ್ನು ಕೇಳಿದೆ. ಖುಷಿ ಹೋಯಿತು.

ನನಗಾದರೂ ಆ ದಿನ ಚೆನ್ನಾಗಿ ನೆನಪಿದೆ. ಹಸಿರು ಪರದೆ ಸರಿಯುವುದು, ಅಮೃತಶಿಲೆಯ ಮೇಜಿನ ಮೇಲೆ ತಟ್ಟೆ ಇಟ್ಟ ಸದ್ದು, ಹಲ್ವದ ಮೇಲಿನ ಗೋಡಂಬಿ. ಅಮ್ಮನ ತೊಡೆಯ ಮೇಲೆ ಕೂತು ನೋಡಿದ್ದೆ. ಇದನ್ನು ಒಮ್ಮೆ ಅಮ್ಮನಿಗೆ ಹೇಳಿದಾಗ ಅವರು ಆಶ್ಚರ್ಯದಿಂದ ನೋಡಿದರು. "ನೀನೆಲ್ಲಿದ್ದೆ ಅಲ್ಲಿ? ನಿಂಗೆ ಸೀತಾಳೆ ಸಿಡುಬು ಎದ್ದಿತ್ತು. ಮನೇಲಿ ಬಿಟ್ಟು ಹೋಗಿದ್ವಿ." ಅಂದಿನಿಂದ ಆ ಗೋಡಂಬಿ ಎಲ್ಲಿಂದ ಬಂತು ಎಂದು ಹುಡುಕುತ್ತಿದ್ದೇನೆ.

ಹೋಟೆಲು ಮಾರಾಟಕ್ಕೆ ಬಂದ ಆ ವರ್ಷಕ್ಕೆ ಬರುತ್ತೇನೆ. ಗಿರಿಜತ್ತೆಗೆ ಮರೆವಿನ ಕಾಯಿಲೆ ಶುರುವಾಗಿ ಕೆಲವು ವರ್ಷಗಳಾಗಿದ್ದವು. ಮೊದಲು ಒಲೆಯ ಮೇಲಿಟ್ಟ ಹಾಲು ಮರೆತರು, ಆಮೇಲೆ ಹಿಂದಿನ ಬೀದಿಯಿಂದ ಮನೆಗೆ ಬರುವ ದಾರಿ. ಕೊನೆಗೆ ಲಿಂಗಪ್ಪ ಮಾವನನ್ನು. ಮಾವ ಕಾರ್ಖಾನೆಯಿಂದ ನಿವೃತ್ತರಾಗಿ ಭದ್ರಾವತಿಯಲ್ಲೇ ಸಣ್ಣ ಮನೆ ಮಾಡಿಕೊಂಡಿದ್ದರು. ಮಗಳ ಮನೆ ಎರಡು ಬೀದಿಯಾಚೆ. ನೋಡಿಕೊಳ್ಳುವವರಿಗೆ ಕೊರತೆಯಿರಲಿಲ್ಲ. ಕೊರತೆ ಬೇರೆಯೇ ಇತ್ತು. ಅತ್ತೆ ಬೆಳಿಗ್ಗೆ ಎದ್ದು ತಲೆ ಬಾಚಿ, ಒಳ್ಳೆಯ ಸೀರೆ ಹುಡುಕಿ ಉಟ್ಟು, ಬಾಗಿಲಿಗೆ ಬಂದು ನಿಲ್ಲುತ್ತಿದ್ದರು.

"ಹೊರಡೋಣ್ವಾ? ಅವ್ರು ಬಂದು ಕಾಯ್ತಿರ್ತಾರೆ."

"ಯಾರೇ?"

"ಗಂಡಿನ ಕಡೆಯವ್ರು."

"ಗಿರಿಜಾ, ನಾನೇ ಕಣೇ ಗಂಡು. ನಮ್ ಮದುವೆ ಆಗಿದೆ."

ಅತ್ತೆ ಅವರ ಬಿಳಿ ಮೀಸೆಯನ್ನು ನೋಡಿ, ಹಿರಿಯರೊಬ್ಬರು ಅಸಭ್ಯವಾಗಿ ಮಾತಾಡಿದರೆ ನೋಡುವ ಹಾಗೆ ನೋಡಿ, ಮುಖ ತಿರುಗಿಸುತ್ತಿದ್ದರು. ಆಮೇಲೆ ದಿನವಿಡೀ ಕೈ ಹಿಸುಕಿಕೊಳ್ಳುವುದು, ಊಟ ಬೇಡ ಎನ್ನುವುದು. "ಈ ಸಲನೂ ಕಾಫಿನೇ ಅನ್ಸುತ್ತೆ" ಎಂದು ತಮ್ಮಷ್ಟಕ್ಕೇ ಹೇಳಿಕೊಳ್ಳುವುದು.

ಒಂದು ಭಾನುವಾರ ದಿಕ್ಕು ತೋಚದೆ ಮಾವ ಅವರನ್ನು ಬಸ್ಸು ಹತ್ತಿಸಿಕೊಂಡು ನಿಜವಾಗಿಯೂ ಚಂದ್ರಮೌಳಿಗೇ ಕರೆತಂದರು. ಮಹಡಿಯ ಅದೇ ಕೋಣೆಯಲ್ಲಿ ಕೂರಿಸಿ ಮಸಾಲೆ ದೋಸೆ, ಕಾಫಿ ತರಿಸಿದರು. ಆಮೇಲೆ ಪರದೆ ಸರಿಸಿ ಕೂಗಿದರು. ಹಲ್ವ ಬಂತು. ಮಾವ ಒಂದು ಚಮಚ ತಿಂದರು. ಅತ್ತೆ ಅದನ್ನೇ ನೋಡುತ್ತಿದ್ದು, ನಿಧಾನಕ್ಕೆ ತಾವೂ ತಿಂದರು. ತಟ್ಟೆ ಮುಗಿದಾಗ ತಲೆ ಎತ್ತಿ, "ರೀ, ಹೊತ್ತಾಯ್ತು, ಬಸ್ಸು ತಪ್ಪುತ್ತೆ" ಎಂದರು.

ಮಾವ ನನಗಿದನ್ನು ಹೇಳಿದಾಗ ನಾನು ನಂಬಲಿಲ್ಲ. ಹಾಗೆಂದು ಹೇಳಲೂ ಇಲ್ಲ. ಅಂದಿನಿಂದ ಅವರು ಪ್ರತಿ ಭಾನುವಾರ ಬರತೊಡಗಿದರು. ಆ ಬೇಸಿಗೆಯ ಕೆಲವು ಭಾನುವಾರ ನಾನೂ ಭದ್ರಾವತಿಗೆ ಹೋಗಿ ಅವರ ಜೊತೆಗೇ ಬಂದೆ. ಖಾಸಗಿ ಬಸ್ಸಿನ ಕಿಟಕಿಯಲ್ಲಿ ಬಿಸಿಗಾಳಿ. ಮಲವಗೊಪ್ಪ ಬರುವವರೆಗೆ ಅತ್ತೆ ಸುಮ್ಮನಿರುತ್ತಿದ್ದರು. ಅಲ್ಲಿಂದ ಮುಂದೆ ಕರ್ಚೀಫು ತೆಗೆದು ಮುಖ ಒರೆಸಿ, ನೆರಿಗೆ ಸರಿಮಾಡಿ, ಮುಡಿದ ಮಲ್ಲಿಗೆಯನ್ನು ಮುಟ್ಟಿ ನೋಡಿಕೊಳ್ಳುವುದು. ನನ್ನ ಕಡೆ ಬಗ್ಗಿ ಪಿಸುಗುಟ್ಟುತ್ತಿದ್ದರು. "ಹುಡುಗ ಹ್ಯಾಗಿದ್ದಾನಂತೆ? ಕೋಪಿಷ್ಠನಂತಾ?"

"ಒಳ್ಳೆಯವರು ಅತ್ತೆ."

"ಅವ್ರಪ್ಪ ಬಲು ಬಿಗುವಂತೆ. ಒಪ್ಪಲ್ಲ ಬಿಡು."

ಹಿಂದಿನ ಸೀಟಿನಲ್ಲಿ ಕೋಪಿಷ್ಠನಲ್ಲದ ಹುಡುಗ ಟಿಕೆಟ್ಟು ಹಿಡಿದುಕೊಂಡು ಹೊರಗೆ ನೋಡುತ್ತಿದ್ದರು.

ಹಲ್ವ ತಿಂದ ಮೇಲೆ ಅತ್ತೆ ಮಾವನನ್ನು ಗುರುತಿಸುವುದನ್ನು ನಾನು ಕಣ್ಣಾರೆ ಕಂಡೆ. ಎಷ್ಟು ಸಲ ಎಂದು ಕೇಳಿದರೆ ತಡವರಿಸುತ್ತೇನೆ. ಒಮ್ಮೆ "ರೀ" ಎಂದದ್ದು ಖಂಡಿತ. ಇನ್ನೊಮ್ಮೆ ಮಾವನ ಅಂಗಿಯ ಮೇಲೆ ಬಿದ್ದ ಚಟ್ನಿಯನ್ನು, ಬೈಯುತ್ತ, ಹೆಂಡತಿ ಮಾತ್ರ ಒರೆಸಬಲ್ಲ ರೀತಿಯಲ್ಲಿ ಒರೆಸಿದರು. ಅದು ಗುರುತೋ, ಕೈಯ ಅಭ್ಯಾಸವೋ? ಡಾಕ್ಟರು, "ಹಾಗೂ ಇರಬಹುದು, ಖಚಿತವಾಗಿ ಹೇಳಕ್ಕಾಗಲ್ಲ" ಎಂದರು. ನನ್ನ ಹಾಗೇ ಓದಿದವರು.

ಮಾವನಿಗೆ ಮಾತ್ರ ಅನುಮಾನವಿರಲಿಲ್ಲ. ಒಂದು ದಿನ ಅತ್ತೆ ಕೈ ತೊಳೆಯಲು ಹೋದಾಗ ಅವರು ಹೇಳಿದರು:

"ನಾವೆಲ್ಲ ಎಷ್ಟು ನಕ್ವಿ ಮಾರಾಯ ಆ ಹಲ್ವದ ಮಾತಿಗೆ. ಅವ್ಳೂ ನಕ್ಕಳು. ಒಳಗೆ ಇದು ಕೂತಿತ್ತು ಅಂತ ನಂಗೇನು ಗೊತ್ತು? ಒಂದು ದಿನ ಆದ್ರೂ ನಾನು, 'ಹಲ್ವ ಬರ್ದೆ ಇದ್ರೂ ನಿನ್ನನ್ನೇ ಮಾಡ್ಕೊಳ್ತಿದ್ದೆ' ಅಂತ ಹೇಳ್ಬೇಕಿತ್ತು. ಈಗ ಹೇಳಿದ್ರೆ, ಯಾರೋ ಮುದುಕ ಹೇಳ್ದ ಹಾಗೆ ಅವ್ಳಿಗೆ."

ನಾನು ಮೇಜಿನ ಅಮೃತಶಿಲೆಯ ಮೇಲೆ ಬೆರಳಾಡಿಸುತ್ತ ಕೂತೆ.

ಹೋಟೆಲು ಉಳಿಸಬೇಕು ಎಂಬ ಹಟ ನನಗೆ ಹತ್ತಿದ್ದು ಆ ದಿನ. ಅದಕ್ಕೆ ಮೊದಲು ಅದು ನನಗೊಂದು ಲೇಖನ ಮಾತ್ರವಾಗಿತ್ತು. ಯಜಮಾನ ಬಸವರಾಜಣ್ಣನ ಹತ್ತಿರ ಹೋದೆ. ಕಟ್ಟಿಸಿದ ಸಾಹುಕಾರರ ಮೊಮ್ಮಗ, ನನಗಿಂತ ಸ್ವಲ್ಪ ದೊಡ್ಡವರು. ಗಲ್ಲಾದ ಹಿಂದೆ, ಅಜ್ಜನ ದೊಡ್ಡ ಪಟದ ಕೆಳಗೆ, ಆ ಪಟವೇ ತಲೆಯ ಮೇಲೆ ಬೀಳುವುದೇನೋ ಎಂಬಂತೆ ಕುಗ್ಗಿ ಕೂರುವ ಮನುಷ್ಯ.

"ಮಹೇಶ್, ನೀವು ಬಂದಿರೋದು ಯಾಕೆ ಅಂತ ಗೊತ್ತು. ದಿನಾ ಒಬ್ರು ಬರ್ತಾರೆ. 'ನಮ್ ಮದುವೆ ಇಲ್ಲೇ ಗೊತ್ತಾಗಿದ್ದು, ಕೆಡವ್ಬೇಡಿ' ಅಂತಾರೆ. ಕಾಫಿ ಕುಡೀತಾರೆ, ಹೋಗ್ತಾರೆ. ಲಾಕ್‌ಡೌನಿಗೆ ಮುಂಚೆ ಬಂದಿದ್ರೆ ಊಟನಾದ್ರೂ ಮಾಡ್ಬೋದಿತ್ತಲ್ಲ?"

"ನಿಮ್ಗೆ ಮನಸ್ಸಿದೆಯಾ ಕೆಡವಕ್ಕೆ?"

"ನನ್ ಮನಸ್ಸು ಯಾರು ಕೇಳ್ತಾರ್ರೀ? ಅಣ್ಣತಮ್ಮಂದ್ರೆಲ್ಲ ಸೇರಿ ಸಹಿ ಹಾಕಾಯ್ತು. ಸಹಿ ಹಾಕಿದ ಕೈ ಇದೇ." ಆ ಕೈಯನ್ನು ಎತ್ತಿ, ಇನ್ನೊಬ್ಬರದ್ದೆಂಬಂತೆ ನೋಡಿಕೊಂಡರು.

ಹಳೆಯ ಕಟ್ಟಡ ಎಂದು ಸರ್ಕಾರ ಗುರುತಿಸಿದರೆ ಉಳಿಯಬಹುದು ಎಂದು ಯಾರೋ ಹೇಳಿದರು. ಪ್ರಕಟವಾದ ನನ್ನ ಲೇಖನ ಹಿಡಿದುಕೊಂಡು ಒಂದು ಕಚೇರಿಗೆ ಹೋದೆ. ಅಧಿಕಾರಿ ಸಜ್ಜನ. ಕೂರಿಸಿ, ಲೇಖನವನ್ನು ಪೂರ್ತಿ ಓದಿದರು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಚೆನ್ನಾಗಿ ಬರೆದಿದ್ದೀರಿ ಸಾರ್. ಆದ್ರೆ ಮೆಟ್ಟಿಲು ಬಂಗಲೆಯಿಂದ ಬಂತಂತೆ, ಇಲ್ಲ ಅಂತೆ. ಗಾಂಧಿ ಟೋಪಿ ಹಾಕ್ಕೊಂಡು ಯಾರೋ ದೊಡ್ಡವ್ರು ಉಳ್ಕೊಂಡಿದ್ರಂತೆ, ಅದಕ್ಕೆ ಆಧಾರ ಇಲ್ವಂತೆ. ನಿಮ್ಗೇ ನಂಬಿಕೆ ಇಲ್ದಿದ್ದನ್ನ ನಾನು ಹೆಂಗ್ ಫೈಲಲ್ಲಿ ಹಾಕ್ಲಿ?"

"ಜನಕ್ಕೆ ಅದು ಬೇಕು ಸಾರ್."

"ಯಾವ ಜನಕ್ಕೆ?"

ಭಾನುವಾರದ ಬಸ್ಸಿನಲ್ಲಿ ಬರುವ ಒಬ್ಬ ಹೆಂಗಸಿಗೆ ಎಂದು ಹೇಳಬೇಕಿತ್ತು. ಅದು ಯಾವ ಅರ್ಜಿಯಲ್ಲಿ ಹಿಡಿಸುತ್ತದೆ? ಮೆಟ್ಟಿಲಿಳಿದು ಬಂದೆ. ಕೆಳಗೆ ಕಬ್ಬಿನ ಹಾಲಿನ ಯಂತ್ರ ಗಿರಗಿರ ತಿರುಗುತ್ತಿತ್ತು. ಪಶ್ಚಿಮದಲ್ಲಿ ಮೋಡ ಕಟ್ಟಿತ್ತು. ಸಂಜೆಗೆ ಮೊದಲ ಗುಡುಗು.

ಹೋಟೆಲು ಮುಚ್ಚಿದ ಮೇಲಿನ ಭಾನುವಾರ ಮಾವ ಅತ್ತೆಯನ್ನು ಕರೆತರಬಾರದಿತ್ತು. ಆದರೆ ಅತ್ತೆ ಬೆಳಿಗ್ಗೆಯೇ ಸೀರೆ ಉಟ್ಟು ನಿಂತಿದ್ದರಂತೆ, ಬೇರೆ ದಾರಿ ಕಾಣಲಿಲ್ಲವಂತೆ. ಸುದ್ದಿ ತಿಳಿದು ನಾನು ಓಡಿದೆ. ಮಳೆ ಜಿನುಗುತ್ತಿತ್ತು. ಮುಂಬಾಗಿಲಿಗೆ ಹಸಿರು ತಗಡು ಹೊಡೆದಿದ್ದರು. ಒಂದು ಕೊಡೆಯ ಕೆಳಗೆ ಇಬ್ಬರೂ ಆಚೆ ಬದಿಯ ಫುಟ್‌ಪಾತಿನಲ್ಲಿ ನಿಂತಿದ್ದರು. ಮಾವ ಪೂರ್ತಿ ನೆನೆದಿದ್ದರು, ಕೊಡೆ ಅತ್ತೆಯ ಮೇಲಿತ್ತು.

"ಬಾಗಿಲು ಯಾಕೆ ಹಾಕಿದಾರೆ?" ಅತ್ತೆ ಕೇಳಿದರು.

"ರಿಪೇರಿ ಅಂತೆ ಅತ್ತೆ."

"ಅವ್ರು ಬಂದು ವಾಪಸ್ ಹೋದ್ರೇನೋ."

ಬೇರೆ ಹೋಟೆಲಿಗೆ ಕರೆದುಕೊಂಡು ಹೋದೆವು. ಗಾಜಿನ ಬಾಗಿಲು, ತಣ್ಣನೆಯ ಗಾಳಿ, ಟಿವಿ. ಅಲ್ಲಿಯ ಸಿಹಿಯನ್ನು ಅತ್ತೆ ಮುಟ್ಟಲಿಲ್ಲ. "ಇದು ನಮ್ದಲ್ಲ. ಇಲ್ಲಿಗೆ ನಾವು ಬಂದಿದ್ದು ಅವ್ರಿಗೆ ಗೊತ್ತಿಲ್ಲ" ಎಂದರು. ಅದು ನಿಜವೂ ಆಗಿತ್ತು.

ಕೆಡವುವುದು ಮೇಲಿನಿಂದ ಶುರುವಾಯಿತು. ಮಳೆಯಲ್ಲೇ ಮಾಡಿದರು, ಧೂಳೇಳುವುದಿಲ್ಲವೆಂದು. ರಸ್ತೆಯ ಕಡೆಯ ಗೋಡೆ ಬಿದ್ದ ದಿನ ನಾನಲ್ಲಿದ್ದೆ. ಮಹಡಿಯ ಕೋಣೆಗಳು ಗೂಡುಗಳ ಹಾಗೆ ಒಂದರ ಪಕ್ಕ ಒಂದು ತೆರೆದು ನಿಂತಿದ್ದವು. ಪ್ರತಿ ಗೋಡೆಯಲ್ಲೂ ಕುರ್ಚಿಯ ಬೆನ್ನು ತಾಗಿ ತಾಗಿ ಮೂಡಿದ ಗೆರೆ. ಯಾರಿಗೂ ಕಾಣಬಾರದೆಂದು ಕಟ್ಟಿದ ಆ ಜಾಗವನ್ನು ಬೀದಿಯವರೆಲ್ಲ ನಿಂತು ನೋಡುತ್ತಿದ್ದರು. ಹಸಿ ಗಾರೆಯ ವಾಸನೆ. ಅದರೊಳಗೆ ತುಪ್ಪದ ವಾಸನೆಯೂ ಇತ್ತು ಎಂದು ನನಗೆ ನೆನಪು. ಇರಲು ಸಾಧ್ಯವಿಲ್ಲ.

ಆ ಸಂಜೆ ಬಸವರಾಜಣ್ಣ ತಾವಾಗಿಯೇ ಫೋನು ಮಾಡಿದರು. "ನಿಮ್ ಮಾವ ಬಂದು ಒಂದು ಟೇಬಲ್ ಕೇಳಿದ್ರು ಮಾರಾಯ್ರೆ. ಆ ಕೋಣೇದೇ ಬೇಕಂತೆ. ಗಾಡಿ ಕಳ್ಸಿ, ಪರದೆನೂ ಕೊಡ್ತೀನಿ. ನನ್ನಿಂದ ಆಗೋದು ಇಷ್ಟೇ."

ಉಪಾಯ ಮಾವನದ್ದು. ಭದ್ರಾವತಿಯ ಮನೆಯ ಹಿಂದಿನ ಕೋಣೆಯಲ್ಲಿ ಮೇಜು ಇಟ್ಟೆವು. ಬಾಗಿಲಿಗೆ ಹಸಿರು ಪರದೆ ಕಟ್ಟಿದೆವು. ಶೀನಣ್ಣನಿಗೆ ಹೇಳಿ ಕಳಿಸಿದೆವು. ಕೆಲಸವಿಲ್ಲದೆ ಊರಿಗೆ ಹೊರಟಿದ್ದವನು ಪ್ರಯಾಣ ಮುಂದಕ್ಕೆ ಹಾಕಿ, ತಾನೇ ಬೂದುಗುಂಬಳ ತುರಿದು ಹಲ್ವ ಮಾಡಿ, ಡಬ್ಬಿಯಲ್ಲಿ ಹಾಕಿಕೊಂಡು ಭಾನುವಾರ ಬಂದ. ಇಸ್ತ್ರಿ ಮಾಡಿದ ಹೋಟೆಲಿನ ಬಿಳಿ ಅಂಗಿಯನ್ನೇ ತೊಟ್ಟಿದ್ದ.

"ಮೇಷ್ಟ್ರೇ, ಈ ಸಲ ತಪ್ಪುವ ಹಾಗೇ ಇಲ್ಲ. ಇಪ್ಪುದೇ ಒಂದು ಕೋಣೆ" ಎಂದು ನಗಿಸಲು ನೋಡಿದ. ಯಾರೂ ನಗಲಿಲ್ಲ, ಅವನೂ ನಗಲಿಲ್ಲ.

ಅತ್ತೆಯನ್ನು ಕರೆತಂದು ಕೂರಿಸಿದೆವು. ಹೊರಗೆ ಮಳೆ ಹೆಂಚಿನ ಮೇಲೆ ಒಂದೇ ಸಮ. ಅತ್ತೆ ಮೇಜಿನ ಅಂಚನ್ನು ಅಂಗೈಯಿಂದ ಸವರಿದರು. ಅಲ್ಲೊಂದು ಮೂಲೆ ಒಡೆದಿತ್ತು. ಅದನ್ನು ಬೆರಳಿನಿಂದ ಹುಡುಕಿ, ಸಿಕ್ಕ ಮೇಲೆ ನಿಲ್ಲಿಸಿದರು. ಮಾವ ನನ್ನ ಕಡೆ ನೋಡಿದರು. ಅವರ ಕಣ್ಣಲ್ಲಿ ಎಷ್ಟೊಂದು ಆಸೆಯಿತ್ತೆಂದರೆ ನಾನು ಬೇರೆ ಕಡೆ ನೋಡಬೇಕಾಯಿತು.

"ಇದು ಹೋಟೆಲಿನ ಟೇಬಲ್ಲು" ಎಂದರು ಅತ್ತೆ.

"ಹೂಂ ಗಿರಿಜಾ, ಅದೇ."

"ಇದು ಇಲ್ಲಿಗ್ಯಾಕೆ ಬಂತು?" ಅವರು ಮಾವನನ್ನು, ನನ್ನನ್ನು, ಪರದೆಯನ್ನು ನೋಡಿದರು. "ಹೋಟೆಲು ಇಲ್ವಾ ಈಗ?"

ವಾರ ಯಾವುದೆಂದು ತಿಳಿಯದ, ಮಗಳನ್ನು ತಾಯಿ ಎಂದು ಕರೆಯುತ್ತಿದ್ದ ಹೆಂಗಸು, ಒಂದು ಮೇಜು ನೋಡಿ ಅದನ್ನು ಕಂಡುಹಿಡಿದರು.

"ಹಂಗಾದ್ರೆ ಅವ್ರು ಎಲ್ಲಿಗೆ ಬರ್ತಾರೆ?"

ಮಾವ ಎದ್ದರು. ಹೊರಗೆ ಹೋಗಿ, ಚಪ್ಪಲಿ ಬಿಟ್ಟ ಸದ್ದು ಮಾಡಿ, ಪರದೆ ಸರಿಸಿ ಒಳಗೆ ಬಂದರು. ಕೈ ಮುಗಿದರು. "ಶಿವಮೊಗ್ಗದಿಂದ ಬಂದಿದೀವಿ. ಗಂಡಿನ ಕಡೆಯವ್ರು."

ಅತ್ತೆ ತಟ್ಟನೆ ಸೆರಗು ಸರಿಮಾಡಿಕೊಂಡು ತಲೆ ತಗ್ಗಿಸಿದರು. ಮಾವ ಎದುರಿಗೆ ಕೂತು, ಕಾಫಿಯ ಲೋಟ ಖಾಲಿ ಮಾಡಿ, ನನಗೆ ಸನ್ನೆ ಮಾಡಿದರು. ಅಜ್ಜನ ಜಾಗದಲ್ಲಿ ನಾನು. ಪರದೆ ಸರಿಸಿ ಕೂಗಿದೆ, "ಶೀನಣ್ಣ, ಸಿಹಿ ತಗೊಂಡು ಬಾರಪ್ಪ."

ತಟ್ಟೆಗಳು ಬಂದವು. ಅಮೃತಶಿಲೆಯ ಮೇಲೆ ಇಟ್ಟ ಸದ್ದು ನನ್ನ ನೆನಪಿನ ಸದ್ದೇ. ಹಲ್ವದ ಮೇಲೆ ಗೋಡಂಬಿ.

ಅತ್ತೆ ತಟ್ಟೆಯನ್ನು ಮುಟ್ಟಲಿಲ್ಲ. ತಲೆ ಎತ್ತದೆ ಮೆಲ್ಲಗೆ ಕೇಳಿದರು, "ಹೇಳಿದ್ರಾ? ನಿಜವಾಗ್ಲೂ ಅವ್ರೇ ಹೇಳಿದ್ರಾ, ಇಲ್ಲ ತಪ್ಪಿ ಬಂತಾ?"

"ನಿಜವಾಗ್ಲೂ" ಎಂದರು ಮಾವ.

ಅತ್ತೆ ಅವರ ಮಾತನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ನನ್ನ ಕಡೆ ತಿರುಗಿದರು. ಆಧಾರವಿಲ್ಲದೆ ಏನನ್ನೂ ಹೇಳದ ನಾನು ಹೇಳಿದೆ. "ಹೇಳಿದ್ರು ಅತ್ತೆ. ಅಜ್ಜನೇ ಕರೆದು ಹೇಳಿದ್ರು. ನಾನು ಅಲ್ಲೇ ಇದ್ದೆ, ಅಮ್ಮನ ತೊಡೆ ಮೇಲೆ. ನಾನು ನೋಡಿದೀನಿ."

ಅವರು ನನ್ನನ್ನು ಬಹಳ ಹೊತ್ತು ನೋಡಿದರು. ಕರುಣೆಯಿಂದಲೇ ನೋಡಿದರು.

"ಇಲ್ಲಪ್ಪ. ಆ ಮಗೂಗೆ ಸೀತಾಳೆ ಎದ್ದಿತ್ತಂತೆ. ಕರ್ಕೊಂಡು ಬಂದಿರ್ಲಿಲ್ಲ."

ಮಳೆ ಸುರಿಯುತ್ತಿತ್ತು. ಬಂದ ಸಿಹಿಯನ್ನು ಒಳಗೆ ತೆಗೆದುಕೊಂಡು ಹೋಗುವ ಪದ್ಧತಿ ಇಲ್ಲ. ಶೀನಣ್ಣ ಪರದೆಯ ಹತ್ತಿರ ಕೈಕಟ್ಟಿ ನಿಂತೇ ಇದ್ದ. ಹಲ್ವದ ಅಂಚಿನಲ್ಲಿ ತುಪ್ಪ ಹೆಪ್ಪುಗಟ್ಟತೊಡಗಿತು. ಆಗ ಮಾವ ಚಮಚ ಎತ್ತಿಕೊಂಡರು. ಗಂಡಿನ ಕಡೆಯವರು ಮೊದಲು ತಿನ್ನಬೇಕು. ಒಂದು ಚಮಚ ತಿಂದರು. ಅತ್ತೆಯ ಮುಖ ನೋಡಿದರು. ಇನ್ನೊಂದು ತಿಂದರು. ತಟ್ಟೆ ಮುಗಿಸಿದರೆ ಅವರು ನಂಬುತ್ತಾರೇನೋ ಎಂಬಂತೆ, ಮೀಸೆಗೆ ಮೆತ್ತಿದ್ದನ್ನೂ ಒರೆಸಿಕೊಳ್ಳದೆ, ತಿನ್ನುತ್ತಲೇ ಹೋದರು.

ಅತ್ತೆ ತಲೆ ಎತ್ತಿ ಅದನ್ನು ಕೊನೆಯವರೆಗೂ ನೋಡಿದರು. ಆಮೇಲೆ ತಮ್ಮ ತಟ್ಟೆಯನ್ನು ಎರಡೂ ಕೈಯಿಂದ ಮೆಲ್ಲಗೆ ಅವರ ಮುಂದೆ ಸರಿಸಿದರು.

"ಪಾಪ, ಯಾರೋ ಹಸ್ಕೊಂಡು ಬಂದಿದಾರೆ" ಎಂದರು ಶೀನಣ್ಣನಿಗೆ. "ಇನ್ನೊಂದು ಸ್ವಲ್ಪ ಹಾಕಿ ಅವ್ರಿಗೆ."

ಶೀನಣ್ಣ ಡಬ್ಬಿ ತೆರೆದು ಹಾಕಿದ. ಮಾವ ತಲೆ ಎತ್ತದೆ ಅದನ್ನೂ ತಿಂದರು.